ವಸುಂಧರಾ ಸಿಸ್ಟರ್‌ಗೆ ಸಿಕ್ಕ ಕೋಣೆ

ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತ ವಸುಂಧರಾ ಮದುವೆಯಾಗಿ ಕಲ್ಕತ್ತೆಗೆ ಬಂದಳು. ಗಂಡ ಋಷಿಕೇಶ್ ಗಾರ್ಡನ್ ರೀಚ್‌ನ ರೈಲ್ವೆ ಕಚೇರಿಯಲ್ಲಿ ಗುಮಾಸ್ತ, ವಾಸಕ್ಕೆ ಕ್ವಾರ್ಟರ್ಸ್. ಅವಳೂ ಒಂದು ನರ್ಸಿಂಗ್ ಹೋಮ್ ಸೇರಿದಳು. ಹದಿನೆಂಟು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿ ಸೊಂಟ ಬಿದ್ದುಹೋಯಿತು. ನೋವು ತಾಳಲಾರದೆ ಒಂದು ದಿನ ವಾರ್ಡಿನಲ್ಲಿದ್ದ ಪೆಥಿಡಿನ್ ಎಂಬ ಅಮಲಿನ ನೋವುನಿವಾರಕ ಇಂಜೆಕ್ಷನ್ನನ್ನು ತಾನೇ ಚುಚ್ಚಿಕೊಂಡಳು. ನೋವು ಹೋಯಿತು, ಚುಚ್ಚಿಕೊಳ್ಳುವುದು ಹೋಗಲಿಲ್ಲ.

ಆಪರೇಷನ್ ಆದ ಮುದುಕಿಯೊಬ್ಬಳ ಪಾಲಿನ ಔಷಧಿಯನ್ನು ತಾನು ಚುಚ್ಚಿಕೊಂಡು, ಅವಳಿಗೆ ಬರೀ ನೀರು ಚುಚ್ಚಿದಳು. ಮುದುಕಿ ಮಧ್ಯಾಹ್ನವಿಡೀ "ಮಾಗೋ, ಮಾಗೋ" ಎಂದು ಬಂಗಾಳಿಯಲ್ಲಿ ತಾಯಿಯನ್ನು ಕರೆದು ಅರಚಿದಳು. ವಸುಂಧರಾ ಅವಳ ಹಣೆ ಸವರುತ್ತ ಪಕ್ಕದಲ್ಲೇ ನಿಂತಿದ್ದಳು.

ಸಿಕ್ಕಿಬಿದ್ದಾಗ ಕೆಲಸ ಹೋಯಿತು. ಮರುವರ್ಷ ಗಂಡ ಎದೆನೋವಿನಿಂದ ತೀರಿಕೊಂಡ, ಕ್ವಾರ್ಟರ್ಸ್ ಬಿಡಬೇಕಾಯಿತು. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಮಗಳು ಅಕ್ಷರಾ ತಾಯಿಯನ್ನು ನಾಲ್ಕು ತಿಂಗಳು ಇಟ್ಟುಕೊಂಡಳು. ಇಂಜೆಕ್ಷನ್ನಿನ ದುಡ್ಡಿಗಾಗಿ ತನ್ನ ಬಳೆ ಮಾರಿದ್ದು ತಾಯಿಯೇ ಎಂದು ತಿಳಿದ ದಿನ ಹೊರಗೆ ಹಾಕಿದಳು.

೨೦೦೫ರ ಮಳೆಗಾಲದಲ್ಲಿ, ಎಸ್ಪ್ಲನೇಡ್ ಬಸ್ ನಿಲ್ದಾಣದ ಹಿಂದೆ ಪ್ಲಾಸ್ಟಿಕ್ ಹೊದ್ದು ಕೂತಿದ್ದವಳನ್ನು ಅಪರ್ಣಾ ಕಂಡಳು. ಬೀದಿಯಲ್ಲಿ ಬಿದ್ದ ಹೆಂಗಸರಿಗೆ ನೆಲೆ ಹುಡುಕಿಕೊಡುವ ಸಂಸ್ಥೆಯೊಂದರಲ್ಲಿ ಅವಳಿಗೆ ಕೆಲಸ. ಸೂಜಿ ಚುಚ್ಚಿ ಹುಣ್ಣಾದ ತೊಡೆ ತೊಳೆಯುವಾಗ ವಸುಂಧರಾ "ಯವ್ವಾ" ಎಂದು ಚೀರಿದಳು. ಅಪರ್ಣಾಳ ಕೈ ನಿಂತಿತು. ಅವಳ ಮನೆಯಲ್ಲೂ ಕನ್ನಡವೇ.

"ಆಂಟಿ, ನೀವು ಕನ್ನಡದವ್ರಾ?"

"ಹುಬ್ಬಳ್ಳಿ. ಯಾರಿಗೂ ಹೇಳಬ್ಯಾಡವ್ವಾ."

ನೆಲೆ ಸಿಗುವುದು ಸುಲಭವಿರಲಿಲ್ಲ. ಚಟ ಬಿಡಿಸುವ ಕೇಂದ್ರದಲ್ಲಿ ಗಂಡಸರಿಗಷ್ಟೇ ಹಾಸಿಗೆ. ಹೆಂಗಸರ ವಸತಿಯಲ್ಲಿ ಚಟವಿದ್ದವರಿಗೆ ಜಾಗವಿಲ್ಲ.

"ಬಿಟ್ಟು ಬಾ ಅಂತಾರ," ಎಂದಳು ವಸುಂಧರಾ. "ಬಿಡಾಕ ಎಲ್ಲಿ ಮಲಗಲಿ?"

ಐದು ವಾರ ಅಲೆದ ಮೇಲೆ ಸರ್ಕಾರಿ ಆಸ್ಪತ್ರೆಯ ನೆಲದಲ್ಲಿ ಒಂದು ಚಾಪೆ ಸಿಕ್ಕಿತು. ಚುಚ್ಚಿಕೊಳ್ಳುವುದು ನಿಂತೊಡನೆ ವಾಂತಿ, ಭೇದಿ, ಮೈತುಂಬ ಇರುವೆ ಹರಿದಂಥ ಸಂಕಟ. ಎರಡು ಸಲ ಓಡಿಹೋದಳು. ಎರಡು ಸಲವೂ ಅಪರ್ಣಾ ಹುಡುಕಿ ತಂದಳು. ಮೂರನೆಯ ಸಲ ಉಳಿದಳು.

ಆಮೇಲೆ ಬಾಡಿಗೆ ಮನೆಯ ಹುಡುಕಾಟ. "ಹಳೇದೆಲ್ಲ ಹೇಳ್ಬೇಡಿ ಆಂಟಿ, ಪ್ಲೀಸ್. ಜಸ್ಟ್ ವಿಡೋ ಅಂತ ಹೇಳಿ," ಎಂದು ಅಪರ್ಣಾ ಕೇಳಿಕೊಂಡಳು. ಅಷ್ಟು ಹೇಳಿದರೂ ಏಳು ಮನೆಯವರು ಆಗದೆಂದರು. ಒಂಟಿ ಹೆಂಗಸು, ತೋಳಿನ ತುಂಬ ಕಲೆ. ಕೊನೆಗೆ ಸಂಸ್ಥೆಯೇ ತನ್ನ ಹೆಸರಲ್ಲಿ ಗಾರ್ಡನ್ ರೀಚ್‌ನಲ್ಲಿ ಒಂದು ಕೋಣೆ ಹಿಡಿಯಿತು. ಮೊದಲ ವಾರವೆಲ್ಲ ವಸುಂಧರಾ ಒಳಗಿನಿಂದ ಚಿಲಕ ಹಾಕುವಳು, ತೆಗೆಯುವಳು, ಮತ್ತೆ ಹಾಕುವಳು.

ದುರ್ಗಾಪೂಜೆಯ ರಜೆಗೆ ಅಕ್ಷರಾ ಬಂದಳು. ಚಹಾ ಕುಡಿಯುವಷ್ಟು ಹೊತ್ತೂ ಕೈಚೀಲವನ್ನು ತೊಡೆಯ ಮೇಲೆ ಅವುಚಿಕೊಂಡೇ ಇದ್ದಳು. ವಸುಂಧರಾ ಅದನ್ನು ನೋಡಿ, ಕಣ್ಣು ಬೇರೆ ಕಡೆ ತಿರುಗಿಸಿದಳು.

"ಈಗ ಆರಾಮ ಅದೀನಿ."

"ಐ ನೋ, ಅಮ್ಮ. ಅಪರ್ಣಾ ಫೋನ್ ಮಾಡಿದ್ರು."

"ಇನ್ನೊಮ್ಮೆ ಬರ್ತೀಯೇನ?"

"ನೋಡ್ತೀನಿ."

ಮತ್ತೆ ಬರಲಿಲ್ಲ.

ಸಂಸ್ಥೆಯಲ್ಲೇ ವಸುಂಧರಾಗೆ ಕೆಲಸ ಸಿಕ್ಕಿತು. ಔಷಧಿ ಕಪಾಟಿನ ಬೀಗದಕೈಯನ್ನು ಅಪರ್ಣಾ ಅವಳ ಮುಂದಿಟ್ಟಳು. "ನರ್ಸ್ ನೀವೇ ತಾನೇ."

ವಸುಂಧರಾ ಅದನ್ನು ಮೇಜಿನ ಆ ತುದಿಗೆ ಸರಿಸಿದಳು. "ಗಾಯ ತೊಳೀತೀನಿ, ಹೇಲು ಬಳೀತೀನಿ. ಇದೊಂದು ನನ್ನ ಕೈಗೆ ಕೊಡಬ್ಯಾಡ. ಹತ್ತು ವರ್ಷ ಆದಮ್ಯಾಲೂ ಬ್ಯಾಡ."

ಅಪರ್ಣಾ ಬೀಗದಕೈಯನ್ನು ತನ್ನ ಚೀಲದಲ್ಲಿಟ್ಟುಕೊಂಡಳು. ವಸುಂಧರಾ ಬಕೆಟ್ಟಿಗೆ ಡೆಟ್ಟಾಲ್ ಹಾಕಿಕೊಂಡು, ಬೆಳಿಗ್ಗೆ ತಂದು ಮಲಗಿಸಿದ್ದ ಹೆಂಗಸಿನ ಕಾಲು ತೊಳೆಯಲು ಕೂತಳು.