ಅಂಚಿನ ಉಬ್ಬು

ಕಳೆದ ದೀಪಾವಳಿಗೆ ಮುಂಚಿನ ಭಾನುವಾರ ಬೆಳಿಗ್ಗೆ ನಾನು ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಕಾರ್ಮಿಕರ ಸಾಲಿನಲ್ಲಿರುವ ನಮ್ಮ ಲೈನ್ ಮನೆಯ ಹೊಸ್ತಿಲಿನ ಒಳಗಡೆ, ಭೂತಗನ್ನಡಿ ಹಿಡಿದು ನಿಂತಿದ್ದೆ. ಒಳಗಡೆ ಎನ್ನುವುದು ಮುಖ್ಯ. ಹೊರಗಡೆ ಇದ್ದಿದ್ದರೆ ಕೈ ಹಿಡಿದು ತಡೆಯಬಹುದಿತ್ತು.

ಅದಕ್ಕೆ ಸ್ವಲ್ಪ ಮುಂಚೆ, ಕಾಮಸಮುದ್ರದ ಕಡೆಯಿಂದ ಹಾಲು ತರುವವನು ಜಗಲಿಯ ಮೇಲೆ ಕೂತಿದ್ದ. ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷ ಕೊಡುತ್ತಾರೆಂದು ಮೊಬೈಲಿನಲ್ಲಿ ನೋಡಿದ್ದ. ನಾನು ನಾಣ್ಯ ಸಂಗ್ರಹಿಸುವವನಾದ್ದರಿಂದ ಸಿಕ್ಕಿದ್ದನ್ನೆಲ್ಲ ನನ್ನ ಹತ್ತಿರ ತರುತ್ತಿದ್ದ. ರೈಲಿನಡಿ ಚಪ್ಪಟೆಯಾದದ್ದು, ಮಗುವಿನ ಉಡಿದಾರಕ್ಕೆ ತೂತು ಹೊಡೆದದ್ದು, ಒಲೆಗೆ ಬಿದ್ದು ಕಪ್ಪಾದದ್ದು. ಎಲ್ಲಕ್ಕೂ ನನ್ನ ಉತ್ತರ ಒಂದೇ: ಪೆಟ್ಟು. ಅಂದರೆ ಟಂಕಸಾಲೆ ಬಿಟ್ಟ ಮೇಲೆ ಆದ ಹಾನಿ, ಅದಕ್ಕೆ ಬೆಲೆಯಿಲ್ಲ. ಅವನ ಊರಿನಲ್ಲಿ ಹಸುಗಳನ್ನು ಬಿಟ್ಟು ಉಳಿದವರೆಲ್ಲ ಅವನನ್ನು ಲಕ್ಷಾಧೀಶ ಎಂದು ಕರೆಯುತ್ತಿದ್ದರು.

"ಒಂದಾದ್ರೂ ನಿಜ ಅಂತ ಏಳಿ ಸಾರ್. ಮಾರೋದೂ ಬ್ಯಾಡ. ನಮ್ಮ ಬಾಮೈದನ ಮುಂದೆ ಇಟ್ರೆ ಸಾಕು."

ಅವತ್ತಿನ ಐದು ರೂಪಾಯಿಯ ಅಂಚಿನಲ್ಲಿ ಒಂದು ಉಬ್ಬಿತ್ತು. ಪೆಟ್ಟು ಬಿದ್ದರೆ ಲೋಹ ಒಂದು ಕಡೆ ತಗ್ಗಿ ಪಕ್ಕಕ್ಕೆ ಸರಿಯುತ್ತದೆ. ಇಲ್ಲಿ ತಗ್ಗೇ ಇರಲಿಲ್ಲ. ಅಚ್ಚಿನ ಚೂರು ಮುರಿದ ಜಾಗದಲ್ಲಿ ಲೋಹ ತುಂಬಿಕೊಂಡಿತ್ತು. ಹಿಂಬದಿಯಲ್ಲಿ ಅದೇ ಜಾಗದ ಗೆರೆಗಳು ಮಂಕಾಗಿದ್ದವು, ಅಚ್ಚು ಮುರಿದಿತ್ತು ಎನ್ನುವುದಕ್ಕೆ ಅದೂ ಒಂದು ಗುರುತು.

"ಇದು ಟಂಕಸಾಲೆಯ ತಪ್ಪೇ ಇರಬೇಕು," ಎಂದು ಭೂತಗನ್ನಡಿ ತರಲು ಒಳಗೆ ಹೋದೆ.

ಪಕ್ಕದ ಮನೆಯವರು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದರೂ ಲೋಹ ಉಜ್ಜುವ ಸಣ್ಣದೊಂದು ಅರ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಾರೆ. ಎಲ್ಲಿ ಏನು ಉಬ್ಬಿದ್ದರೂ ಸಹಿಸುವುದಿಲ್ಲ. ನಾನು ಹೊಸ್ತಿಲಿಗೆ ವಾಪಸು ಬಂದಾಗ ಜಗಲಿಯ ಮೇಲಿದ್ದ ನಾಣ್ಯ ಅವರ ಎಡಗೈಯಲ್ಲಿತ್ತು, ಅರ ಬಲಗೈಯಲ್ಲಿ. ಹಾಲಿನವನು ಅವರಿಗೆ ಬೆನ್ನು ಮಾಡಿ ಫೋನಿನಲ್ಲಿ ಬಾಮೈದನಿಗೆ, "ಈಗೇನಂತೀಯಲಾ? ಸಾರೇ ಏಳವ್ರೆ," ಎನ್ನುತ್ತಿದ್ದ.

"ಅಂಚು ಎದ್ದಿತ್ತಪ್ಪಾ, ಸಪಾಟು ಮಾಡ್ದೆ," ಎಂದು ಫಿಟ್ಟರ್ ಪುಡಿ ಊದಿ ನಾಣ್ಯವನ್ನು ಅವನ ಕೈಗಿಟ್ಟರು. "ಇನ್ನು ಯಾವ ಅಂಗಡೀಲೂ ಬೇಡ ಅನ್ನಲ್ಲ."

ಹಾಲಿನವನು ಅದನ್ನು ನನ್ನ ಕಡೆ ಚಾಚಿದ. "ಈಗ ಇದು ಏನು ಸಾರ್?"

ಅರದ ಗೀರುಗಳು ಹೊಸದಾಗಿ ಹೊಳೆಯುತ್ತಿದ್ದವು. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಪೆಟ್ಟು," ಎಂದೆ.

ಫೋನ್ ಇನ್ನೂ ಕಟ್ಟಾಗಿರಲಿಲ್ಲ. ಆ ಕಡೆಯಿಂದ ನಗು ಕೇಳಿಸಿತು.

ಇದನ್ನೆಲ್ಲ ಕಣ್ಣಾರೆ ಕಂಡವರಲ್ಲಿ ಫಿಟ್ಟರ್ ಇದ್ದಾರೆ, ಹಾಲಿನವನಿದ್ದಾನೆ. ಪಕ್ಕದ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಫಿಟ್ಟರ್ ಹೆಂಡತಿಯೂ ಇದ್ದಾರೆ. ಗಣಿ ಮುಚ್ಚಿದ ಮೇಲೆ ತಮ್ಮ ಮನೆಯವರು ಅಷ್ಟು ನುಣ್ಣಗೆ ಅರ ಹಾಕಿದ್ದನ್ನು ನೋಡಿದ್ದು ಅದೇ ಮೊದಲು ಎಂದು ಅವರು ಯಾರು ಕೇಳಿದರೂ ಹೇಳುತ್ತಾರೆ.