ಪರದೆಯ ಮೇಲೆ ಉಳಿದ ಹೆಸರು

ಕುಮಾಸಿ ಪಟ್ಟಣದ ಅಸಾಫೊ ಬಡಾವಣೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಟಾಕೋರನ ಅಂಗಡಿಗೆ ಬರುತ್ತಾರೆ. ಸತ್ತವರ ಫೋಟೊ, ಅದರ ಕೆಳಗೆ ಬಂಧುಗಳ ಹೆಸರು ಹಾಕಿ, ಗೋಡೆಗಳಿಗೆ ಅಂಟಿಸುವ ಪೋಸ್ಟರ್ ಮಾಡಿಕೊಡುವುದು ಅವನ ಕಸುಬು. ಅವನ ಕಂಪ್ಯೂಟರಿಗೆ ಒಂದು ಹಳೇ ರೋಗ. ಚಿತ್ರವನ್ನೋ ಅಕ್ಷರವನ್ನೋ ಅಳಿಸಿದರೆ ಅದರ ಗುರುತು ಪರದೆಯ ಮೇಲೆ ಹಾಗೇ ಕೂತಿರುತ್ತದೆ. ಸತ್ತ ಅಜ್ಜಿಗೆ ಎರಡು ಮೂಗು ಕಂಡು ಮಕ್ಕಳು ಬೊಬ್ಬೆ ಹಾಕಿದ್ದೂ ಉಂಟು. ಒಂದು ಗುಂಡಿ ಒತ್ತಿದರೆ ಪರದೆ ಹೊಸದಾಗಿ ಮೂಡಿ ಗುರುತು ಹೋಗುತ್ತದೆ, ಮುಂದೆ ಇನ್ನೇನಾದರೂ ಅಳಿಸಿದರೆ ಮತ್ತೆ ಬರುತ್ತದೆ. ಬೀದಿಯವರ ಕಂಪ್ಯೂಟರಿಗೆಲ್ಲ ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್ ಬದಲಿಸಿ ಈ ರೋಗ ವಾಸಿಮಾಡಿದ ಮಹಾರಾಯ, ತನ್ನದನ್ನು ಮಾತ್ರ ನಾಳೆ ನಾಳೆ ಎಂದು ಮುಂದೂಡುತ್ತಿದ್ದ. “ಅದು ಪರದೆ ಮೇಲೆ ಮಾತ್ರ ಕಣಮ್ಮ, ಕಾಗದದ ಮೇಲೆ ಬರಲ್ಲ” ಎಂದುಬಿಟ್ಟರೆ ಗಿರಾಕಿಗಳೂ ಸುಮ್ಮನಾಗುತ್ತಿದ್ದರು.

ಮನೆಯಲ್ಲೂ ಅದೇ ಬುದ್ಧಿ. ಅಬ್ರಫಿ ಅವನ ಜೊತೆ ಸಂಸಾರ ಮಾಡಿ ಎರಡು ಹೆತ್ತಳು. ಮದ್ಯದ ಬಾಟಲಿ ಹಿಡಿದು ಅವಳ ಸೋದರಮಾವನ ಬಾಗಿಲು ತಟ್ಟಿ ಹೆಣ್ಣು ಕೇಳುವ ಶಾಸ್ತ್ರ ಮಾತ್ರ ಬಾಕಿ ಉಳಿಯಿತು. ಅದಾಗದೆ ಅವನು ಗಂಡನಲ್ಲ.

“ಯಾವಾಗ ಹೋಗ್ತೀರಿ?” ಎಂದು ಅವಳು ಕೇಳಿದಾಗಲೆಲ್ಲ, “ಈಸ್ಟರ್ ಕಳೀಲಿ ತಡಿಯೇ” ಎನ್ನುತ್ತಿದ್ದ.

ಮೂರನೆಯ ಹೆರಿಗೆಯಲ್ಲಿ ತಾಯಿ, ಕೂಸು ಇಬ್ಬರೂ ಹೋದರು. ಮರುದಿನ ಬಾಟಲಿ ಹಿಡಿದು ಹೋದವನನ್ನು ಸೋದರಮಾವ ಅದ್ದೈ ಹೊಸ್ತಿಲಲ್ಲೇ ನಿಲ್ಲಿಸಿದರು.

“ಬದುಕಿದ್ದಾಗ ಕೇಳೋಕೆ ನಿನಗೆ ಬಾಯಿರಲಿಲ್ಲ. ಈಗ ಹೆಣ ಕೇಳೋಕೆ ಬಂದ್ಯಾ? ಬಾಟಲಿ ತಗೊಂಡು ಹೋಗು.”

ಪೋಸ್ಟರನ್ನು ಮಾತ್ರ ಅವನೇ ಮಾಡಿದ. ಅವಳ ಮುಖವನ್ನು ಬೇರೆಯವರ ಕೈಗೆ ಕೊಡಲು ಜೀವ ಒಪ್ಪಲಿಲ್ಲ. ಅದ್ದೈ ಹೇಳಿದ ಹೆಸರುಗಳನ್ನೆಲ್ಲ ಬರೆದು, ಕೊನೆಗೆ ಕಳ್ಳನ ಹಾಗೆ ಒಂದು ಸಾಲು ಸೇರಿಸಿದ: ‘ಗಂಡ, ಅಟಾಕೋರ’. ಅಷ್ಟಿದ್ದರೆ ಶನಿವಾರ ಮಣ್ಣು ಮಾಡುವಾಗ ಅವಳ ಶವಪೆಟ್ಟಿಗೆಯ ಪಕ್ಕದಲ್ಲಿ ಗಂಡನ ಕುರ್ಚಿಯಲ್ಲಿ ಕೂರಬಹುದಿತ್ತು.

ಅದ್ದೈ ನೋಡಲು ಅಂಗಡಿಗೆ ಬಂದರು.

“ಇದೇನಿದು? ತೆಗಿ.”

“ಮಾವ, ಮಕ್ಕಳ ಮುಖ ನೋಡಿಯಾದ್ರೂ...”

“ಮಕ್ಕಳು ಅವಳ ವಂಶದವು, ನಮ್ಮವು. ಅವರ ಹೆಸರಿರುತ್ತೆ. ನಿಂದು ತೆಗಿ.”

ಅಟಾಕೋರ ಅಳಿಸಿದ. ಪರದೆಯ ಮೇಲಿನ ಹೆಸರು ಮಾತ್ರ ಅಲ್ಲಾಡಲಿಲ್ಲ.

“ಏನೋ, ನನ್ನ ಕಣ್ಣಿಗೇ ಮಣ್ಣೆರಚ್ತೀಯಾ? ಇನ್ನೂ ಇದೆಯಲ್ಲ!”

ಊರಿಗೆಲ್ಲ ಸಲೀಸಾಗಿ ಹೇಳಿದ ಮಾತನ್ನೇ ಅಟಾಕೋರ ಈಗ ಅವರಿಗೂ ಹೇಳಿದ.

“ಅದು ಪರದೆ ಮೇಲೆ ಮಾತ್ರ, ಮಾವ. ಕಾಗದದ ಮೇಲೆ ಬರಲ್ಲ.”

“ಹಾಗಾದ್ರೆ ಪ್ರಿಂಟ್ ತೆಗೆದು ತೋರಿಸು.”

ಮಾದರಿ ಹಾಳೆಯೊಂದು ಪ್ರಿಂಟರಿನಿಂದ ಹೊರಬಂತು. ಅದ್ದೈ ಕನ್ನಡಕ ಏರಿಸಿ, ಹೆಸರುಗಳ ಮೇಲೆ ಬೆರಳಾಡಿಸಿದರು. ಕೊನೆಯ ಸಾಲಿದ್ದ ಕಡೆ ಬರೀ ಬಿಳಿ. ತಲೆಯಾಡಿಸಿ, ಹಾಳೆ ಮಡಚಿಕೊಂಡು ಹೊರಟುಹೋದರು.

ಅಟಾಕೋರ ಪರದೆಯತ್ತ ತಿರುಗಿದ. ಅಬ್ರಫಿಯ ನಗುಮುಖದ ಕೆಳಗೆ ಅವಳ ಗಂಡ ಇನ್ನೂ ಇದ್ದ. ಗುರುತು ಹೋಗಿಸುವ ಗುಂಡಿ ಒತ್ತಲು ಅವನಿಗೆ ಕೈ ಬರಲಿಲ್ಲ.

ಶನಿವಾರ ಅವನು ಬೀದಿಯವರ ನಡುವೆ ಹಿಂದಿನ ಸಾಲಿನಲ್ಲಿ ಕೂತು ಅತ್ತ. ಬಾಗಿಲು ಹಾಕಿದ ಅಂಗಡಿಯಲ್ಲಿ ಕಂಪ್ಯೂಟರ್ ಆನ್ ಆಗಿಯೇ ಇತ್ತು.