ಮುದ್ದೆಗೆ ಬಿರಿದ ಸರ್ಕಾರಿ ಒಲೆ

ಮೊನ್ನೆ ಮಲ್ಲತ್ತಹಳ್ಳಿಯಲ್ಲಿ ನಂಜಮ್ಮ ರಾಗಿಮುದ್ದೆ ತಿರುವಲು ಕೋಲೂರಿ ಒತ್ತಿದೊಡನೆ, ಸೌದೆ ಉಳಿಸುವ ಹೊಸ ಮಣ್ಣಿನ ಒಲೆ ಎರಡು ಹೋಳಾಯಿತು. ಅದರ ಕರಪತ್ರದ ಹೊಗಳಿಕೆಯನ್ನು ನಂಬದೆ, ಕಣ್ಣಾರೆ ನೋಡಲೆಂದೇ ನಾನು ರಾಜಾಜಿನಗರದಿಂದ ಹೋಗಿದ್ದೆ.

“ನಿಧಾನಕ್ಕೆ ತಿರುವಬಾರದೇನಮ್ಮಾ? ನಾವು ಅನ್ನ ಮಾಡಿ ಟೆಸ್ಟ್ ಮಾಡಿದ್ವಿ, ಏನೂ ಆಗ್ಲಿಲ್ಲ!” ಎಂದರು, ಒಲೆ ಕಟ್ಟಿಸಿದ ಅಧಿಕಾರಿ.

“ಮುದ್ದೆನ ಮುದ್ದು ಮಾಡ್ತಾ ತಿರುವಕ್ಕಾಯ್ತದಾ ಸಾರ್? ಹಳೇ ಒಲೆನೂ ನೀವೇ ಒಡೆಸಿದ್ರಿ. ಹೊಲದಿಂದ ಬರೋರಿಗೆ ಈಗ ಏನಿಕ್ಕಲಿ, ನಿಮ್ ಕರಪತ್ರಾನಾ?” ಎಂದು ನಂಜಮ್ಮ ಕೇಳಿದರು.

ಅಧಿಕಾರಿ, ಉರಿಯದೆ ಮಿಕ್ಕ ಸೌದೆಯನ್ನು ತೂಗಿಸಿ, ‘ಗಣನೀಯ ಉಳಿತಾಯ’ ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಸರ್ಕಾರಿ ವರದಿಗಳನ್ನು ಸುಲಭವಾಗಿ ನಂಬದ ನಾನು ಇದೊಂದನ್ನು ಮಾತ್ರ ಅಲ್ಲಗಳೆಯಲಾರೆ. ಸೌದೆ ಉಳಿದದ್ದು ನಿಜ. ಆ ಮಧ್ಯಾಹ್ನ ಆ ಮನೆಯವರು ಉಣ್ಣಲಿಲ್ಲವೆಂದು ಬರೆಯಲು ಪುಸ್ತಕದಲ್ಲಿ ಕಾಲಂ ಇರಲಿಲ್ಲ.